ಕೇಶಪಾಶ

ಸಂಸ್ಕೃತದಲ್ಲಿ ‘ಪಾಶ’ವೆಂದರೆ ಹಗ್ಗ, ಕುಣಿಕೆ. ಆದರೆ ಕೂದಲನ್ನು ಹೇಳುವ ಶಬ್ದದೊಡನೆ ಅದೇ ಪದವು ಕೂಡಿದರೆ ಸಮೃದ್ಧಿಯೆಂಬ ಅರ್ಥವನ್ನು ಕೊಡುವುದೆಂದು ನಿಘಂಟುಕಾರರು ಹೇಳಿರುವರು. ಕೇಶಪಾಶವೆಂದರೆ ತುಂಬುಗೂದಲು. ಪಾಠಶಾಲೆಯಲ್ಲಿ ಬಹುಕಾಲ ಈ ಶಬ್ದವನ್ನು ಮಕ್ಕಳಿಗೆ ಬಿಡಿಸಿ ಹೇಳಿದ ನನಗೆ, ಹೆಂಗಸರ ಕೂದಲಿನ ವಿಷಯದಲ್ಲಿ ಈ ಎರಡು ಅರ್ಥಗಳೂ ನಮ್ಮ ಮನೆಗಳಲ್ಲಿ ಸಲ್ಲುತ್ತ ಬಂದಿವೆಯೆಂದು ತೋರುವುದು.

ಅಮರಸಿಂಹನು ಕೂದಲಿಗೆ ಕಚ, ಕುಂತಲ, ಚಿಕುರ ಮುಂತಾದ ಹೆಸರುಗಳನ್ನು ಕೊಟ್ಟುದಲ್ಲದೆ, ಕಟ್ಟಿದ ಮುಡಿಗೆ ಧಮ್ಮಿಲ್ಲವೆಂದೂ, ಹೆಣೆದ ಜಡೆಗೆ ವೇಣಿಯೆಂದೂ, ಬಾಲಕರ ಕಿವಿಯ ಬಳಿಯ ಜುಲುಪಿಗೆ ಕಾಕಪಕ್ಷವೆಂದೂ ಬೇರೆ ಬೇರೆ ಪದಗಳನ್ನು ಹೇಳಿರುವನು. ಇಷ್ಟು ಪದಗಳು ಬೇಕಾಗಿದ್ದರೆ ಆ ಕಾಲದವರು ಕನ್ನಡಿಯ ಮುಂದೆ ಎಷ್ಟು ಹೊತ್ತನ್ನು ಕಳೆಯುತ್ತಿದ್ದರೋ! ಅಜ್ಞಾತವಾಸದಲ್ಲಿ ದ್ರೌಪದಿಯು ಹಿಡಿದ ಉದ್ಯೋಗವಾದರೂ ಯಾವುದು? ಸೈರಂಧ್ರಿಯೆಂಬ ಹೆಸರಿನಿಂದ ವಿರಾಟನ ರಾಣಿ ಸುದೇಷ್ಣೆಗೆ ಕೇಶಾಲಂಕಾರ ಮಾಡುವುದು. ಇಂದು ಬೀದಿಬೀದಿಯಲ್ಲಿ ಬ್ಯೂಟಿ ಪಾರ್ಲರು ನಡೆಸುವ ಹೆಣ್ಣುಮಕ್ಕಳು ತಮ್ಮ ವೃತ್ತಿಯ ಪೂರ್ವಿಕಳು ಪಾಂಡವರ ಪಟ್ಟದರಸಿಯೆಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ರಾಣಿಯ ಮುಡಿಯನ್ನು ದಿನವೂ ಕಟ್ಟಿದ ಆಕೆ ತನ್ನ ಮುಡಿಯನ್ನು ಕಟ್ಟಲು ಯುದ್ಧವೇ ನಡೆಯಬೇಕಾಯಿತು. ಭಟ್ಟನಾರಾಯಣನು ಅದನ್ನೇ ವಸ್ತುವಾಗಿಟ್ಟುಕೊಂಡು ‘ವೇಣೀಸಂಹಾರ’ ನಾಟಕವನ್ನು ಬರೆದನು. ನಮ್ಮ ರನ್ನನ ‘ಗದಾಯುದ್ಧ’ದಲ್ಲಿಯೂ ಆ ಮುಡಿಯ ಮಾತೇ ಭೀಮನನ್ನು ಕೆರಳಿಸುವುದು.

‘ಸೀಮಂತ’ವೆಂಬ ಮಾತನ್ನು ನೋಡಿರಿ. ಸೀಮಂತವೆಂದರೆ ಬೈತಲೆ. ಗರ್ಭಿಣಿಯಾದ ಹೆಂಡತಿಯ ಬೈತಲೆಯನ್ನು ಗಂಡನು ತನ್ನ ಕೈಯಿಂದಲೇ, ಮೂರು ಕಡೆ ಬಿಳುಪಾಗಿರುವ ಮುಳ್ಳುಹಂದಿಯ ಮುಳ್ಳನ್ನು ಹಿಡಿದು, ಮೇಲ್ಮುಖವಾಗಿ ತೆಗೆಯಬೇಕೆಂಬುದು ಗೃಹ್ಯಸೂತ್ರಗಳ ವಿಧಿ. ಬಸುರಿನ ಭಾರದಿಂದ ಬಳಲಿದವಳ ತಲೆಯನ್ನು ಗಂಡನು ಬಾಚುವುದೇ ಆ ಸಂಸ್ಕಾರದ ತಿರುಳು. ನಮ್ಮ ಗಂಡಸರು ತಿರುಳನ್ನು ಪುರೋಹಿತರಿಗೆ ಬಿಟ್ಟು ಹೋಳಿಗೆಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿರುವರು.

ಆ ದಿನ ಮೈಸೂರು ಸೀಮೆಯ ಮನೆಗಳಲ್ಲಿ ಬಸುರಿಗೆ ಮೊಗ್ಗಿನ ಜಡೆ ಹಾಕುವ ಸಂಭ್ರಮವುಂಟು. ಮದುವೆಯ ಹೆಣ್ಣಿಗೂ, ಎಷ್ಟೋ ವೇಳೆ ಐದಾರು ವರ್ಷದ ಮಗುವಿಗೂ ಹಾಕುವರು. ಅರಳದ ಬಿಗಿ ಮೊಗ್ಗುಗಳನ್ನೇ ಆರಿಸಿ, ಒಂದೇ ಅಳತೆಯವನ್ನು ಬೇರ್ಪಡಿಸಿ, ಬಾಳೆಯ ಪಟ್ಟೆಯ ಮೇಲೋ ದಪ್ಪ ಕಾಗದದ ಮೇಲೋ ಸೂಜಿದಾರದಿಂದ ಸಾಲುಸಾಲಾಗಿ ಹೊಲಿಯಬೇಕು. ನಡುನಡುವೆ ಬಣ್ಣಕ್ಕೆ ಕನಕಾಂಬರ. ಅದನ್ನು ಜಡೆಯ ಮೇಲಿಟ್ಟು ಬಿಗಿದು, ನೆತ್ತಿಯ ಹಿಂದೆ ರಾಗಟೆ, ತುದಿಗೆ ಕುಚ್ಚು. ಮೋಟು ಜಡೆಯ ಹುಡುಗಿಗೆ ಚೌರಿ ಸೇರಿಸಿ ಉದ್ದ ಮಾಡುವರು. ಮಧ್ಯಾಹ್ನ ಮೊಗ್ಗಾಗಿದ್ದುದು ಸಂಜೆಯ ಆರತಿಯ ಹೊತ್ತಿಗೆ ತಲೆಯ ಮೇಲೆಯೇ ಬಿರಿದು ಕೋಣೆಯೆಲ್ಲ ಘಮಘಮಿಸುವುದು. ಕುತ್ತಿಗೆ ನೋಯುತ್ತದೆಂದು ಅಳುವ ಮಗುವನ್ನು ಫೋಟೋ ಸ್ಟುಡಿಯೋಗೆ ಕರೆದೊಯ್ದು, ಜಡೆಯೂ ಮುಖವೂ ಒಂದೇ ಚಿತ್ರದಲ್ಲಿ ಬರಲೆಂದು ಕನ್ನಡಿಯನ್ನಿಟ್ಟು ತೆಗೆಸಿದ ಪಟವು ಎಷ್ಟು ಮನೆಗಳ ಗೋಡೆಯಲ್ಲಿಲ್ಲ! ಈಗ ಹೊಲಿದು ಸಿದ್ಧವಾದ ಜಡೆಯನ್ನೇ ಹಣ ಕೊಟ್ಟು ತರುವರು. ತಪ್ಪೇನೂ ಇಲ್ಲ, ನಾಲ್ಕು ಗಂಟೆ ಕುಳಿತು ಹೊಲಿಯುವ ಬಿಡುವು ಯಾರಿಗಿದೆ?

ನಮ್ಮ ಮನೆಯಲ್ಲಿ ಈ ಜಡೆಯನ್ನು ಬಲ್ಲವರೆಂದರೆ ಅಜ್ಜಿಯ ಅಕ್ಕ, ನಮ್ಮೆಲ್ಲರ ದೊಡ್ಡಜ್ಜಿ. ಶಾಲೆಗೆ ಹೊರಡುವ ಹುಡುಗಿಯರನ್ನು ಜಗಲಿಯ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ, ಹರಳೆಣ್ಣೆ ಸವರಿ, ಸಿಕ್ಕು ಬಿಡಿಸಿ, ನೋವಾಗದಂತೆ ಹೆಣೆದು ಕಳುಹಿಸುತ್ತಿದ್ದರು. ಭಾನುವಾರ ಸೀಗೆಪುಡಿಯಲ್ಲಿ ತಲೆಗೆ ನೀರು ಹಾಕುವವರೂ ಅವರೇ. ಅವರ ತಲೆಯ ಮೇಲೆ ಮಾತ್ರ ಕೂದಲಿರಲಿಲ್ಲ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಮೈನೆರೆದೊಡನೆ ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ನೆತ್ತಿಯ ಮೇಲೆ ಹೊದ್ದವರು. ತಿಂಗಳಿಗೆರಡು ಸಲ ಹಿತ್ತಲಿಗೆ ಕ್ಷೌರಿಕನು ಬರುತ್ತಿದ್ದನು. ಅಂದು ಮಕ್ಕಳು ಅತ್ತ ಸುಳಿಯಕೂಡದು. ಹೋಟೆಲಿನ ತಿಂಡಿಯಿರಲಿ, ನೆಂಟರ ಮನೆಯ ನೀರನ್ನೂ ಅವರು ಮುಟ್ಟಿದವರಲ್ಲ. ನನ್ನ ಅಕ್ಕನ ಮದುವೆಯಲ್ಲಿ ಮೊಗ್ಗಿನ ಜಡೆಗೆ ಕೈ ಹಾಕಲು ಅವರಿಗೆ ಅವಕಾಶವಿರಲಿಲ್ಲ, ಅಮಂಗಳವೆಂದು. ಕೋಣೆಯ ಹೊಸ್ತಿಲಿನಾಚೆ ನಿಂತು, “ಅಲ್ಲಿ ಸಡಿಲವಾಯಿತು, ಇನ್ನೊಂದು ಹೊಲಿಗೆ ಹಾಕಮ್ಮ” ಎಂದು ಹೇಳಿಕೊಡುತ್ತಿದ್ದರು. ಒಳಗಿದ್ದ ಮುತ್ತೈದೆಯರಲ್ಲಿ ಒಬ್ಬರಿಗೂ ಆ ಕೆಲಸ ಸರಿಯಾಗಿ ಬರುತ್ತಿರಲಿಲ್ಲ.

ವಿರಹದಲ್ಲಿದ್ದ ಸೀತೆಗೆ ಏಕವೇಣಿ, ಗಂಡನಿದ್ದವಳಿಗೆ ಹೂಮುಡಿ, ಅವನಳಿದವಳಿಗೆ ಬೋಳುತಲೆ: ಹೆಣ್ಣಿನ ತಲೆಯನ್ನು ನೋಡಿ ಗಂಡಸಿನ ಇರವನ್ನು ಓದಿಕೊಂಡ ಸಮಾಜ ನಮ್ಮದು. ಇದು ಶಿಷ್ಟಾಚಾರವೆಂದು ವಾದಿಸುವ ಪಂಡಿತರೊಡನೆ ನಾನು ಹಿಂದೆಯೂ ಒಪ್ಪಲಿಲ್ಲ, ಈಗಲೂ ಒಪ್ಪಲಾರೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯು 1976ರಲ್ಲಿ ಹೊರಬಂದಿತು; 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಅದರಲ್ಲಿ ದಾಕ್ಷಾಯಿಣಿಯೆಂಬ ಎಳೆಯ ವಿಧವೆಯು ತಲೆ ಬೋಳಿಸಿಕೊಳ್ಳಲಾರೆನೆಂದಾಗ, ಜನ್ಮವಿಡೀ ಮಡಿಯಲ್ಲಿ ಸವೆದ ಫಣಿಯಮ್ಮನೇ ಅವಳ ಪರವಾಗಿ ನಿಲ್ಲುವಳು. ಓದದ ಗೃಹಸ್ಥರು ಓದಿರಿ; ಮನೆಯ ಹೆಂಗಸರ ಕೈಗೂ ಕೊಡಿರಿ.

ಕೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುವುದು. ಆ ಲೆಕ್ಕದಲ್ಲಿ ಮೂವತ್ತು ಅಂಗುಲದ ಜಡೆಯ ತುದಿಗೆ ಐದು ವರ್ಷ ವಯಸ್ಸು. ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮೊಮ್ಮಗಳು ಈಚೆಗೆ ಅಂತಹ ಜಡೆಯನ್ನು ಹದಿನಾಲ್ಕು ಅಂಗುಲ ಕತ್ತರಿಸಿ, ಕ್ಯಾನ್ಸರ್ ರೋಗಿಗಳಿಗೆ ಟೋಪನ್ ಮಾಡುವವರಿಗೆ ಕೊಟ್ಟುಬಂದಳು. ಆ ರೋಗದ ಔಷಧಗಳು ಬೇಗಬೇಗನೆ ವೃದ್ಧಿಯಾಗುವ ಕಣಗಳನ್ನು ಕೊಲ್ಲುವಂಥವು. ಕೂದಲಿನ ಬುಡದ ಕಣಗಳೂ ಅದೇ ಜಾತಿಯವಾದುದರಿಂದ ರೋಗಿಯ ತಲೆ ಬರಿದಾಗುವುದು. ಇದನ್ನೆಲ್ಲ ಹುಡುಗಿಯು ವಿವರಿಸಿದರೂ ನಮ್ಮ ಅತ್ತಿಗೆಯವರು ಎರಡು ದಿನ ಅವಳೊಡನೆ ಮಾತನಾಡಲಿಲ್ಲ. “ಮದುವೆಯಾಗಬೇಕಾದ ಹುಡುಗಿ ಕೂದಲು ತೆಗೆಸುವುದೆಂದರೇನು? ಶಾಸ್ತ್ರ ಬಲ್ಲವರು ನೀವೇ ಹೇಳಿ” ಎಂದು ನನ್ನನ್ನು ಕರೆಯಿಸಿದರು. “ಅತ್ತಿಗೆ, ನಮ್ಮ ದೊಡ್ಡಜ್ಜಿಯ ಕೂದಲನ್ನು ತೆಗೆಸಿದಾಗ ಅವರನ್ನು ಯಾರಾದರೂ ಕೇಳಿದ್ದರೆ?” ಎಂದೆ. ಅವರು ದೊಡ್ಡಜ್ಜಿಯನ್ನು ಕಂಡವರು. ಈ ಮನೆಗೆ ಹೊಸತಾಗಿ ಬಂದಾಗ ಅವರಿಂದ ತಲೆ ಬಾಚಿಸಿಕೊಂಡವರು. ಉತ್ತರ ಹೇಳದೆ ಒಳಗೆ ಹೋದರು.

ಹುಡುಗಿಯು ರಜೆಗೆ ಬಂದಾಗ ಭುಜಕ್ಕಿಂತ ಸ್ವಲ್ಪ ಕೆಳಗಿಳಿಯುವ ಆ ಕೂದಲಿಗೆ ಭಾನುವಾರ ಎಣ್ಣೆ ಹಚ್ಚುವವರು ಈಗ ಅತ್ತಿಗೆಯವರೇ. ಒಂದು ಮೊಳ ಮಲ್ಲಿಗೆ ಮುಡಿಸುವುದಕ್ಕೂ ಜಡೆ ಸಾಲದೆಂದು ಗೊಣಗುತ್ತಲೇ ಹಚ್ಚುವರು.