ರೂಟರಿನ ಹೊರಮುಖದಲ್ಲಿ ಅನಪೇಕ್ಷಿತ ಸಂಚಾರ: ಕಾರಣ ಮತ್ತು ಪರಿಶೋಧನೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗಳಿಗೂ ಮನೆಗಳಿಗೂ ಇಂದು ಅಂತರಜಾಲವು ಪ್ರವೇಶಿಸಿದೆ. ದಾನಿಗಳ ಔದಾರ್ಯದಿಂದ ಬಂದ ಗಣಕಯಂತ್ರಗಳೂ ಕ್ಯಾಮೆರಾಗಳೂ ರೂಟರ್ ಎಂಬ ಚಿಕ್ಕ ಪೆಟ್ಟಿಗೆಯ ಮೂಲಕವೇ ಹೊರಜಗತ್ತಿನೊಡನೆ ವ್ಯವಹರಿಸುತ್ತವೆ. ಶಾಲೆಗೆ ಬೀಗ ಹಾಕಿದ ಮೇಲೂ ಅದರ ದೀಪವು ಮಿನುಗುತ್ತಲೇ ಇರುವುದುಂಟು. ಯಾರೂ ಬಳಸದಿರುವಾಗ ಈ ಸಂಚಾರವೆಲ್ಲಿಯದೆಂಬ ಶಂಕೆ ಸಹಜವಾದುದು. ಅದರ ಕಾರಣವನ್ನೂ ಪರಿಶೋಧನೆಯ ಕ್ರಮವನ್ನೂ ಸ್ಥೂಲವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಲಿಂಗನಮಕ್ಕಿ, ಮಾಣಿ ಜಲಾಶಯಗಳ ಮಳೆಗಾಲದ ವಾರ್ತೆಯಲ್ಲಿ ಒಳಹರಿವು, ಹೊರಹರಿವು ಎಂಬ ಎರಡು ಅಂಕೆಗಳನ್ನು ನಾವು ಓದುತ್ತೇವೆ. ರೂಟರಿನ ನಿರ್ವಹಣಾ ಪುಟದಲ್ಲಿಯೂ ಸಾಮಾನ್ಯವಾಗಿ ಇವೆರಡರ ಲೆಕ್ಕ ಬೇರೆ ಬೇರೆಯಾಗಿಯೇ ಇರುತ್ತದೆ. ಇವನ್ನು ಪ್ರತ್ಯೇಕಿಸಿ ನೋಡುವುದೇ ಪರಿಶೋಧನೆಯ ಮೊದಲ ಸೂತ್ರ.

ಒಳಹರಿವು ನಮ್ಮ ಅಧೀನದಲ್ಲಿಲ್ಲ. ಅಂತರಜಾಲದ ಹಳೆಯ ಕ್ರಮದ ವಿಳಾಸಗಳು ಸುಮಾರು 429 ಕೋಟಿ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಜೀಮ್ಯಾಪ್ ಎಂಬ ತಂತ್ರಾಂಶವನ್ನು ರಚಿಸಿ, ಒಂದೇ ಗಣಕದಿಂದ 45 ನಿಮಿಷಗಳೊಳಗೆ ಆ ಕ್ರಮದ ಸಾರ್ವಜನಿಕ ವಿಳಾಸಗಳೆಲ್ಲದರ ಬಾಗಿಲು ತಟ್ಟಬಹುದೆಂದು ತೋರಿಸಿಕೊಟ್ಟರು. ಹೀಗೆ ತಟ್ಟುವವರಲ್ಲಿ ಸಂಶೋಧಕರೂ ಉಂಟು, ದುಷ್ಕರ್ಮಿಗಳೂ ಉಂಟು. ರೂಟರಿನ ದಾಖಲೆಯಲ್ಲಿ ಇಂಥವು ತಿರಸ್ಕೃತವೆಂದು ನಮೂದಾಗಿದ್ದರೆ ಅದು ರಕ್ಷಣೆಯ ಕುರುಹೇ ಹೊರತು ದೋಷದ ಕುರುಹಲ್ಲ.

ಚಿಂತಿಸಬೇಕಾದುದು ಕಾರಣವಿಲ್ಲದ ಹೊರಹರಿವಿನ ವಿಷಯದಲ್ಲಿ. ಪರೀಕ್ಷಿಸುವ ಒಂದು ಗಣಕವನ್ನುಳಿದು ಮಿಕ್ಕೆಲ್ಲ ಉಪಕರಣಗಳ ಸಂಪರ್ಕವನ್ನು ತಪ್ಪಿಸಿ, ವೈಫೈಯನ್ನೂ ನಿಲ್ಲಿಸಿ ಅಂಕೆಗಳನ್ನು ಗಮನಿಸಬೇಕು. ಹೊರಹರಿವು ಇಳಿದರೆ ಅದರ ಮೂಲ ಒಳಗಿನ ಉಪಕರಣಗಳಲ್ಲಿಯೇ ಇದೆ. ಆಗ ಒಂದೊಂದನ್ನೇ ಮರಳಿ ಜೋಡಿಸುತ್ತ ಹೋದರೆ ಅದು ಯಾವುದೆಂಬುದು ತಿಳಿದುಬರುತ್ತದೆ. ಕೆಲವೊಮ್ಮೆ ಅದು ಚಿತ್ರಗಳನ್ನು ದೂರದ ಸಂಗ್ರಹಕ್ಕೆ ಕಳುಹಿಸುವ ನ್ಯಾಯವಾದ ಕಾರ್ಯವೇ ಆಗಿರುತ್ತದೆ. ಎಲ್ಲವನ್ನೂ ತಪ್ಪಿಸಿದ ಮೇಲೂ ಭಾರೀ ಹೊರಹರಿವು ನಿಲ್ಲದಿದ್ದರೆ ಆ ಗಣಕವನ್ನೂ ರೂಟರನ್ನೂ ಶಂಕಿಸಬೇಕು.

ಈ ಶಂಕೆ ನಿರಾಧಾರವಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ತಯಾರಕರು ಕೊಟ್ಟ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು ಅನ್ಯರ ಮೇಲೆ ದಾಳಿಗೆ ಬಳಸಿತು. ಅದು ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನೆಲೆಸುತ್ತಿದ್ದುದರಿಂದ ವಿದ್ಯುತ್ ಕಡಿತಗೊಳಿಸಿ ಮತ್ತೆ ಚಾಲೂ ಮಾಡಿದರೆ ಅಳಿಯುತ್ತಿತ್ತು. ಗುಪ್ತಪದವನ್ನು ಬದಲಿಸದಿದ್ದರೆ ಪುನಃ ಸೇರುತ್ತಿತ್ತು. 2017ರ ಜುಲೈ ತಿಂಗಳಲ್ಲಿ ನಮ್ಮ ಕರ್ನಾಟಕದಲ್ಲಿಯೇ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮುಗಳು ಇಂಥದೇ ದಾಳಿಗೆ ತುತ್ತಾಗಿ ಸಂಪರ್ಕ ಕಡಿಯಿತು. ಗುಪ್ತಪದವನ್ನು ಬದಲಿಸಿಕೊಳ್ಳುವಂತೆ ಸಂಸ್ಥೆಯು ಆಗ ಗ್ರಾಹಕರನ್ನು ಕೋರಿತು.

ಆದುದರಿಂದ ಗುಪ್ತಪದದ ಬದಲಾವಣೆ, ಹೊರಗಿನಿಂದ ನಿರ್ವಹಿಸುವ ಸೌಲಭ್ಯದ ನಿಲುಗಡೆ, ಅಗತ್ಯವಿಲ್ಲದೆ ತೆರೆದಿಟ್ಟ ದ್ವಾರಗಳ ಮುಚ್ಚುಗಡೆ, ರೂಟರಿನ ತಂತ್ರಾಂಶದ ನವೀಕರಣ ಈ ನಾಲ್ಕೂ ಅವಶ್ಯಕ. ಇವಕ್ಕೆ ತಗಲುವ ಕಾಲ ಅತ್ಯಲ್ಪ, ವೆಚ್ಚವಂತೂ ಇಲ್ಲವೇ ಇಲ್ಲ. ದಾನವಾಗಿ ಬಂದ ಉಪಕರಣವು ವಿದ್ಯಾರ್ಥಿಗಳ ಸೇವೆಯಲ್ಲಿಯೇ ಉಳಿಯಬೇಕಾದರೆ, ಅಪರಿಚಿತರ ಅಸ್ತ್ರವಾಗದಂತೆ ಅದನ್ನು ಕಾಯುವುದು ಪಡೆದವರ ಕರ್ತವ್ಯವಾಗಿದೆ.