ಎದೆಯೊಳಗೆ ಉಳಿದ ಜಾಹಿಲಿಯ್ಯತ್

 



ಸೂರಃ ಅಲ್ ಹುಜುರಾತ್‌ನ 13ನೆಯ ಸೂಕ್ತದ ಆಶಯ ನಮ್ಮಲ್ಲಿ ಯಾರಿಗೂ ಹೊಸತಲ್ಲ. ಮನುಷ್ಯರೆಲ್ಲ ಒಂದು ಗಂಡು, ಒಂದು ಹೆಣ್ಣಿನ ಸಂತತಿ. ಕುಲ, ಗೋತ್ರಗಳಿರುವುದು ಪರಸ್ಪರ ಗುರುತಿಸುವುದಕ್ಕೆ. ಅಲ್ಲಾಹನ ಬಳಿ ಗೌರವ ತಂದುಕೊಡುವುದು ತಕ್ವಾ ಮಾತ್ರ. ಬಿಳಿಯನಿಗೆ ಕರಿಯನ ಮೇಲಾಗಲಿ, ಅರಬನಿಗೆ ಅರಬೇತರನ ಮೇಲಾಗಲಿ ಹಿರಿಮೆ ಇಲ್ಲವೆಂದು ಪ್ರವಾದಿ(ಸ)ರು ವಿದಾಯದ ಹಜ್ಜ್‌ನಲ್ಲಿ ಸಾರಿದ್ದನ್ನೂ ಮದ್ರಸದ ಮಕ್ಕಳೇ ಹೇಳಬಲ್ಲರು. ಮಸೀದಿಯಲ್ಲಿ ಕೇಳಿದರೆ ಎಲ್ಲ ಸಫ್‌ಗಳಿಂದಲೂ ಒಂದೇ ಉತ್ತರ ಬರುತ್ತದೆ: ವರ್ಣಭೇದ ತಪ್ಪು.

ಆದರೆ ನಾಲಿಗೆ ಒಪ್ಪಿದ್ದನ್ನು ಎದೆ ಒಪ್ಪಿದೆಯೇ? ಎದೆ ಒಪ್ಪಿದ್ದನ್ನು ಕೈ ಮಾಡುತ್ತಿದೆಯೇ? ಜುಮಾ ಖುತ್ಬಾದಲ್ಲಿ ನಾವು ಎತ್ತಿಕೊಂಡ ಈ ಪ್ರಶ್ನೆಯನ್ನು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇವೆ.

ಅಬೂಝರ್(ರ)ರಿಗೆ ಸಿಕ್ಕ ಎಚ್ಚರಿಕೆ

ಹ. ಅಬೂಝರ್ ಗಿಫಾರಿ(ರ) ಇಸ್ಲಾಮ್ ಸ್ವೀಕರಿಸಿದ ಮೊದಲಿಗರಲ್ಲಿ ಒಬ್ಬರು. ಸತ್ಯ ನುಡಿಯುವುದರಲ್ಲಿ, ಬಡವರ ಪರ ನಿಲ್ಲುವುದರಲ್ಲಿ ಹೆಸರಾದವರು. ಅಂಥವರೇ ಒಮ್ಮೆ ಮಾತಿಗೆ ಮಾತು ಬೆಳೆದು ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ಆ ತಾಯಿ ಅರಬರಲ್ಲ ಎಂಬುದೇ ಹೀಯಾಳಿಕೆಯ ತಿರುಳು. ನೊಂದವರು ಹ. ಬಿಲಾಲ್(ರ) ಎಂದು ಕೆಲವು ವರದಿಗಳು ಹೇಳುತ್ತವೆ. ದೂರು ಪ್ರವಾದಿ(ಸ)ರಿಗೆ ಮುಟ್ಟಿತು. ಅಬೂಝರ್‌ರಲ್ಲಿ ಇನ್ನೂ ಜಾಹಿಲಿಯ್ಯತ್‌ನ ಅಂಶ ಉಳಿದಿದೆ ಎಂದು ಅವರು ಎಚ್ಚರಿಸಿದರು. ಈ ವಯಸ್ಸಿನಲ್ಲೂ ಉಳಿದಿದೆಯೇ ಎಂದು ಅಬೂಝರ್(ರ) ಕೇಳಿದಾಗ ಹೌದೆಂದೇ ಉತ್ತರ ಬಂತು. ಕೈಕೆಳಗಿರುವವರು ನಿಮ್ಮ ಸಹೋದರರು. ನೀವು ಉಣ್ಣುವುದನ್ನೇ ಉಣಿಸಿ, ಉಡುವುದನ್ನೇ ಉಡಿಸಿ, ಶಕ್ತಿ ಮೀರಿದ ಕೆಲಸ ಹೇರಬೇಡಿ ಎಂಬ ಬೋಧನೆಯೂ ಅದರ ಜೊತೆಗಿತ್ತು. ಸಹೀಹ್ ಬುಖಾರಿಯಲ್ಲಿ ಇದು ದಾಖಲಾಗಿದೆ. ಮುಂದೆ ರಬಝಾ ಎಂಬಲ್ಲಿ ಅಬೂಝರ್(ರ)ರನ್ನು ಕಂಡವರು, ಅವರೂ ಅವರ ಗುಲಾಮನೂ ಒಂದೇ ಬಗೆಯ ಉಡುಪು ತೊಟ್ಟಿದ್ದನ್ನು ಕಂಡು ಬೆರಗಾಗಿ ಕಾರಣ ಕೇಳಿದ್ದರಿಂದಲೇ ಈ ಹದೀಸ್ ನಮಗೆ ಸಿಕ್ಕಿದೆ.

ಇದರಲ್ಲಿ ಮೂರು ಪಾಠಗಳಿವೆ. ಪ್ರವಾದಿ(ಸ)ರು ಅಬೂಝರ್‌ರ ಈಮಾನನ್ನು ಅಲ್ಲಗಳೆಯಲಿಲ್ಲ. ಒಳ್ಳೆಯವರೆಂಬ ಕಾರಣಕ್ಕೆ ಅವರ ಮಾತನ್ನು ಮನ್ನಿಸಿ ಸುಮ್ಮನಾಗಲೂ ಇಲ್ಲ. ಕೊಟ್ಟ ಮದ್ದು ಊಟ, ಬಟ್ಟೆ, ದುಡಿಮೆಗೆ ಸಂಬಂಧಿಸಿದ್ದು. ಅಂದರೆ ಕಣ್ಣಿಗೆ ಕಾಣುವ ನಡತೆಗೆ.

ಅಮೆರಿಕದ ಎರಡು ನಗರಗಳು

ನಮ್ಮ ಕಾಲದಲ್ಲಿ ಈ ರೋಗವನ್ನು ತುಂಬ ಆಳವಾಗಿ ಪರೀಕ್ಷಿಸಿರುವುದು ಅಮೆರಿಕದಲ್ಲಿ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಪ್ರತ್ಯೇಕ ಶಾಲೆ, ಬಸ್ಸಿನಲ್ಲಿ ಪ್ರತ್ಯೇಕ ಆಸನ ಎಂಬ ಕಾನೂನುಗಳೇ ಇದ್ದವು. ಉತ್ತರದ ರಾಜ್ಯಗಳ ಬಹಳಷ್ಟು ಜನ, ಅದು ದಕ್ಷಿಣದವರ ಪಾಪ, ನಾವು ಸಮಾನತೆಯ ಪಕ್ಷದವರು ಎಂದುಕೊಂಡಿದ್ದರು.

1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಉತ್ತರದ ಶಿಕಾಗೊ ನಗರಕ್ಕೆ ಹೋಗಿ, ಕರಿಯರಿಗೆ ಎಲ್ಲ ಬಡಾವಣೆಗಳಲ್ಲೂ ಮನೆ ಸಿಗಬೇಕೆಂದು ಚಳವಳಿ ಆರಂಭಿಸಿದರು. ನಗರದ ಆಡಳಿತ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿತ್ತು. ನಾಗರಿಕ ಹಕ್ಕುಗಳ ಕಾಯ್ದೆಗೆ 1964ರಲ್ಲಿ ಸಹಿ ಹಾಕಿದ ಅಧ್ಯಕ್ಷರು ಅದೇ ಪಕ್ಷದವರು. ಆಗಸ್ಟ್ 5ರಂದು ಬಿಳಿಯರ ಬಡಾವಣೆಯೊಂದರಲ್ಲಿ ಮೆರವಣಿಗೆ ಸಾಗುವಾಗ ತೂರಿಬಂದ ಕಲ್ಲು ಕಿಂಗ್ ಅವರ ತಲೆಗೆ ಬಡಿಯಿತು. ಇಷ್ಟೊಂದು ದ್ವೇಷವನ್ನು ತಾವು ದಕ್ಷಿಣದಲ್ಲೂ ಕಂಡಿರಲಿಲ್ಲ ಎಂದು ಅವರು ಆಮೇಲೆ ಹೇಳಿದರು.

ಇನ್ನೊಂದು ನಗರ ಬಾಸ್ಟನ್. 1972ರ ಅಧ್ಯಕ್ಷ ಚುನಾವಣೆಯಲ್ಲಿ ಉದಾರವಾದಿ ಅಭ್ಯರ್ಥಿ ಮೆಕ್‌ಗವರ್ನ್ ಅವರನ್ನು ಗೆಲ್ಲಿಸಿದ ಏಕೈಕ ರಾಜ್ಯ ಮ್ಯಾಸಚೂಸೆಟ್ಸ್. ಅದರ ರಾಜಧಾನಿಯೇ ಬಾಸ್ಟನ್. ಎರಡೇ ವರ್ಷಗಳಲ್ಲಿ, 1974ರಲ್ಲಿ, ಕರಿಯ ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಓದಬೇಕೆಂದು ನ್ಯಾಯಾಲಯ ಆದೇಶಿಸಿತು. ದಕ್ಷಿಣ ಬಾಸ್ಟನ್‌ನಲ್ಲಿ ಕರಿಯ ಮಕ್ಕಳನ್ನು ಹೊತ್ತ ಶಾಲಾ ಬಸ್ಸುಗಳ ಮೇಲೆ ಕಲ್ಲುಗಳು ಬಿದ್ದವು. ಕಲ್ಲೆಸೆದವರನ್ನು ಜಗತ್ತು ಕಂಡಿತು. ಆದರೆ ಆದೇಶ ನಗರದ ಎಲ್ಲೆಯೊಳಗೆ ಮಾತ್ರ ಅನ್ವಯಿಸುತ್ತಿತ್ತು. ಎಲ್ಲೆಯಾಚೆಯ ಅನುಕೂಲಸ್ಥರ ಬಡಾವಣೆಗಳಲ್ಲಿ ಕುಳಿತು ಸಮಾನತೆಯನ್ನು ಹೊಗಳಿದವರ ಶಾಲೆಗಳಿಗೆ ಆ ಬಸ್ಸು ಬರಲೇ ಇಲ್ಲ. ಅವರ ಎದೆಯಲ್ಲಿ ಏನಿತ್ತೆಂಬ ಪರೀಕ್ಷೆಯೂ ನಡೆಯಲಿಲ್ಲ.

ಮಾಲ್ಕಮ್ ಎಕ್ಸ್ ಇದನ್ನು ಮೊದಲೇ ಗುರುತಿಸಿದ್ದರು. ಬಹಿರಂಗ ದ್ವೇಷಿಯನ್ನು ಅವರು ತೋಳಕ್ಕೂ ನಗುನಗುತ್ತಾ ದೂರವಿಡುವ ಉದಾರವಾದಿಯನ್ನು ನರಿಗೂ ಹೋಲಿಸುತ್ತಿದ್ದರು. ಹೋಲಿಕೆ ಕಟುವಾದುದು, ಎಲ್ಲರಿಗೂ ಅನ್ವಯಿಸುವುದೂ ಇಲ್ಲ. ಕರಿಯರ ಹಕ್ಕಿಗಾಗಿ ಪ್ರಾಣ ತೆತ್ತ ಬಿಳಿಯರೂ ಇದ್ದಾರೆ. ಆದರೂ ಒಂದು ಸತ್ಯ ಉಳಿಯುತ್ತದೆ: ನಾವು ಯಾರಿಗೆ ಮತ ಹಾಕುತ್ತೇವೆ ಎಂಬುದು ನಮ್ಮ ಎದೆಯನ್ನು ತೊಳೆದು ಕೊಡುವುದಿಲ್ಲ.

ಅಳತೆಗೆ ಸಿಕ್ಕಿದ್ದು

ಬಾಯಿಮಾತಿನಲ್ಲಿ ಅಮೆರಿಕ ಬಹಳ ಬದಲಾಗಿದೆ. ಕರಿಯರ ಮತ್ತು ಬಿಳಿಯರ ನಡುವಿನ ಮದುವೆಯನ್ನು 1958ರಲ್ಲಿ ಶೇ. 4ರಷ್ಟು ಜನ ಮಾತ್ರ ಒಪ್ಪಿದ್ದರೆ, 2021ರಲ್ಲಿ ಶೇ. 94ರಷ್ಟು ಜನ ಒಪ್ಪಿದರೆಂದು ಗ್ಯಾಲಪ್ ಸಮೀಕ್ಷೆ ಹೇಳುತ್ತದೆ. ಇದು ಸಣ್ಣ ಬದಲಾವಣೆಯಲ್ಲ. ಆದರೆ ನಡತೆಯನ್ನು ಅಳೆದಾಗ ಬೇರೆ ಚಿತ್ರ ಸಿಗುತ್ತದೆ. ಮರಿಯನ್ ಬರ್ಟ್ರಾಂಡ್ ಮತ್ತು ಸೆಂಥಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ಶಿಕಾಗೊ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳುಹಿಸಿದರು. ಅರ್ಹತೆ ಸಮಾನ, ಹೆಸರು ಮಾತ್ರ ಬೇರೆ. ಬಿಳಿಯರದ್ದೆಂದು ತೋರುವ ಹೆಸರಿಗೆ ಹತ್ತು ಅರ್ಜಿಗೊಂದು ಕರೆ ಬಂದರೆ, ಕರಿಯರದ್ದೆಂದು ತೋರುವ ಹೆಸರಿಗೆ ಹದಿನೈದಕ್ಕೊಂದು ಬಂತು. ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಆ ಕಚೇರಿಗಳಲ್ಲಿ ಕೇಳಿದ್ದರೆ ನಾವು ಭೇದ ಮಾಡುತ್ತೇವೆ ಎಂದು ಯಾರು ಹೇಳುತ್ತಿದ್ದರು?

ಇನ್ನೊಂದು ಪರೀಕ್ಷೆಯನ್ನು ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದರು. ನಮ್ಮ ಸಿಕಂದರಾಬಾದಿನಲ್ಲಿ ಬೆಳೆದ ಮನಶ್ಶಾಸ್ತ್ರಜ್ಞೆ ಮಹ್ಝರೀನ್ ಬಾನಾಜಿ ಅದನ್ನು ಬೆಳೆಸಿದವರಲ್ಲಿ ಪ್ರಮುಖರು. ಕಂಪ್ಯೂಟರ್ ಪರದೆಯ ಮೇಲೆ ಕರಿಯ, ಬಿಳಿಯ ಮುಖಗಳೂ ಒಳ್ಳೆಯ, ಕೆಟ್ಟ ಅರ್ಥದ ಪದಗಳೂ ಒಂದಾದ ಮೇಲೊಂದು ಬರುತ್ತವೆ. ಒಂದು ಸುತ್ತಿನಲ್ಲಿ ಬಿಳಿಯ ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಗುಂಡಿ ಒತ್ತಬೇಕು. ಮುಂದಿನ ಸುತ್ತಿನಲ್ಲಿ ಕರಿಯ ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಗುಂಡಿ. ಯಾವ ಜೋಡಿಗೆ ಕೈ ತಡವರಿಸುತ್ತದೆ ಎಂಬುದನ್ನು ಕ್ಷಣದ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಲಕ್ಷಾಂತರ ಜನರ ಫಲಿತಾಂಶಗಳಲ್ಲಿ ಬಿಳಿಯರ ಕಡೆಗಿನ ಒಲವೇ ಹೆಚ್ಚಾಗಿ ಕಂಡಿದೆ. ಸಂಪ್ರದಾಯವಾದಿಗಳೆಂದು ಹೇಳಿಕೊಂಡವರಲ್ಲಿ ಸರಾಸರಿ ತುಸು ಹೆಚ್ಚು, ಉದಾರವಾದಿಗಳಲ್ಲಿ ತುಸು ಕಡಿಮೆ. ಆದರೆ ಎರಡೂ ಕಡೆ ಇದೆ.

ಈ ಪರೀಕ್ಷೆಗೆ ಮಿತಿಗಳೂ ಇವೆ. ಒಬ್ಬನೇ ವ್ಯಕ್ತಿಗೆ ಬೇರೆ ಬೇರೆ ದಿನ ಬೇರೆ ಬೇರೆ ಫಲಿತಾಂಶ ಬರುವುದುಂಟು. ಅದು ನಡತೆಯನ್ನು ಎಷ್ಟರಮಟ್ಟಿಗೆ ಮುಂಗಾಣುತ್ತದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದ್ದರಿಂದ ಅದನ್ನು ಹಿಡಿದು ಯಾರಿಗೂ ಹಣೆಪಟ್ಟಿ ಅಂಟಿಸಬಾರದು. ಎದೆಯೊಳಗಿನದ್ದನ್ನು ಪೂರ್ಣವಾಗಿ ಬಲ್ಲವನು ಅಲ್ಲಾಹನು ಮಾತ್ರ.

ಅದು ಒಳಗೆ ಬರುವುದು ಹೇಗೆ?

ಕರಿಯರೇ ಆದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ 1940ರ ದಶಕದಲ್ಲಿ ಪುಟ್ಟ ಮಕ್ಕಳ ಮುಂದೆ ಬಿಳಿಯ ಮತ್ತು ಕಂದು ಬಣ್ಣದ ಗೊಂಬೆಗಳನ್ನಿಟ್ಟು, ಒಳ್ಳೆಯ ಗೊಂಬೆ ಯಾವುದು ಎಂದು ಕೇಳಿದರು. ಕರಿಯ ಮಕ್ಕಳಲ್ಲೇ ಹೆಚ್ಚಿನವರು ಬಿಳಿಯದನ್ನು ತೋರಿಸಿದರು. ಆ ಮಕ್ಕಳಿಗೆ ಯಾವ ಪಕ್ಷವಿತ್ತು? ಕಂಡ ಚಿತ್ರ, ಕೇಳಿದ ಮಾತು, ದೊಡ್ಡವರ ಮುಖಭಾವ ಇವೇ ಅವರಿಗೆ ಪಾಠವಾಗಿದ್ದವು. ಪೂರ್ವಗ್ರಹ ಹೀಗೆ ಬಾಗಿಲು ತಟ್ಟದೆ ಒಳಬರುತ್ತದೆ. ಪೀಡಿತರ ಎದೆಗೂ ಬರುತ್ತದೆ.

ಹಾಗಾದರೆ ನಾವು ತಿಳಿಯದೆ ಹೊತ್ತದ್ದಕ್ಕೆ ನಾವು ಹೊಣೆಯೇ? ಮನದಲ್ಲಿ ಸುಳಿದದ್ದನ್ನು, ನುಡಿಯುವ ಅಥವಾ ಮಾಡುವ ತನಕ, ಅಲ್ಲಾಹನು ಈ ಸಮುದಾಯಕ್ಕೆ ಮನ್ನಿಸಿದ್ದಾನೆಂದು ಹದೀಸ್ ಕಲಿಸುತ್ತದೆ. ಆದರೆ ಸುಳಿದದ್ದು ಮನೆ ಬಾಡಿಗೆಗೆ ಕೊಡುವಾಗ, ಕೆಲಸಕ್ಕೆ ಆರಿಸುವಾಗ, ರಿಶ್ತಾ ನೋಡುವಾಗ ತೀರ್ಮಾನವಾಗಿ ಹೊರಬಂದರೆ ಅದು ಕೇವಲ ಸುಳಿವಲ್ಲ. ಸತ್ಯವನ್ನು ತಿರಸ್ಕರಿಸುವುದು, ಜನರನ್ನು ಕೀಳಾಗಿ ಕಾಣುವುದು ಇವೆರಡನ್ನೇ ಪ್ರವಾದಿ(ಸ)ರು ಕಿಬ್ರ್, ಅಂದರೆ ಅಹಂಕಾರ ಎಂದು ವಿವರಿಸಿದರು.

ನಮ್ಮ ಗಾಯ, ನಮ್ಮ ಕನ್ನಡಿ

ಇದರ ಕಹಿ ನಮಗೆ ಗೊತ್ತಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅಮೆರಿಕದಂಥದ್ದೇ ಪ್ರಯೋಗವನ್ನು ಭಾರತದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದರು. ಸಮಾನ ಅರ್ಹತೆಯಿದ್ದರೂ, ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಮ್ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು. ಹೆಸರು ಕೇಳಿದೊಡನೆ ‘ಮನೆ ಖಾಲಿ ಇಲ್ಲ’ ಎನ್ನುವ ಮಾಲೀಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ.

ಆದರೆ ಗಾಯಗೊಂಡವರೆಂಬ ಮಾತ್ರಕ್ಕೆ ನಾವು ನಿರ್ಮಲರಾಗುವುದಿಲ್ಲ. ಮಗನಿಗೆ ಹೆಣ್ಣು ಹುಡುಕುವಾಗ ದೀನ್ ಕೇಳುವ ಮೊದಲು ‘ಹುಡುಗಿ ಬೆಳ್ಳಗಿದ್ದಾಳಾ?’ ಎನ್ನುತ್ತೇವೆ. ಕಪ್ಪು ಮೈಬಣ್ಣದ ಮಗುವನ್ನು ‘ಹಬ್ಶಿ’ ಎಂದು ಗೇಲಿ ಮಾಡುತ್ತೇವೆ. ಹಬಶ ಯಾವ ನಾಡು? ಮಕ್ಕಾದ ಹಿಂಸೆ ತಾಳಲಾರದೆ ಹಿಜ್ರತ್ ಹೊರಟ ಮೊದಲ ಮುಸ್ಲಿಮರಿಗೆ ನಜಾಶಿ ದೊರೆ ಆಶ್ರಯ ಕೊಟ್ಟ ನಾಡು. ಬಿಲಾಲ್(ರ)ರ ತಾಯಿಯ ನಾಡು. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಬಿಜಾಪುರದಲ್ಲಿ ಪ್ರಭಾವಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನನೂ ಹಬ್ಶಿಯೇ. ಗೌರವದ ಹೆಸರು ನಮ್ಮ ಬಾಯಲ್ಲಿ ಬೈಗುಳವಾದದ್ದು ಹೇಗೆ?

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಆಫ್ರಿಕ ಮೂಲದ ಸಿದ್ದಿಗಳಿದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರೂ ಇದ್ದಾರೆ. ಸಫ್‌ನಲ್ಲಿ ಸಿದ್ದಿ ಸಹೋದರನ ಭುಜಕ್ಕೆ ಭುಜ ತಾಗಿಸುವವರು ಅವರೊಂದಿಗೆ ನಿಕಾಹ್ ಸಂಬಂಧ ಬೆಳೆಸಲು ಸಿದ್ಧರಿದ್ದೇವೆಯೇ? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯ ಕಾರು ಮಹಿಳೆಯೊಬ್ಬರಿಗೆ ಬಡಿದು ಅವರು ಮೃತಪಟ್ಟರು. ಗುಂಪು ಸೇರಿ ಹಲ್ಲೆ ನಡೆಸಿದ್ದು, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಗುಂಪಿನ ಕಣ್ಣಿಗೆ ದೇಶ, ವ್ಯಕ್ತಿ, ತಪ್ಪು ಯಾವುದೂ ಕಾಣಲಿಲ್ಲ. ಬಣ್ಣ ಮಾತ್ರ ಕಂಡಿತು.

ಮಾಡಬೇಕಾದದ್ದು

ಮೊದಲನೆಯದು, ಮುಖ ನೋಡುವ ಮೊದಲೇ ಮಾನದಂಡ ನಿರ್ಧರಿಸಿ. ಕೆಲಸಕ್ಕೆ ಏನು ಬೇಕು, ಬಾಡಿಗೆದಾರರಲ್ಲಿ ಏನು ನೋಡಬೇಕು, ರಿಶ್ತಾದಲ್ಲಿ ಏನು ಕೇಳಬೇಕು ಎಂದು ಬರೆದಿಟ್ಟು, ಎಲ್ಲರಿಗೂ ಅದನ್ನೇ ಅನ್ವಯಿಸಿ. ಎರಡನೆಯದು, ಮನೆಯ ಮಾತು ತಿದ್ದಿ; ಮಕ್ಕಳು ಖುತ್ಬಾಕ್ಕಿಂತ ಹೆಚ್ಚು ಕಲಿಯುವುದು ಅಡುಗೆಮನೆಯ ಮಾತಿನಿಂದ. ಮೂರನೆಯದು, ಅಬೂಝರ್(ರ)ರ ಹಾದಿ ಹಿಡಿಯಿರಿ. ಮನಸ್ಸು ಪೂರ್ತಿ ಶುದ್ಧವಾಗಲಿ ಎಂದು ಕಾಯದೆ ಒಂದೇ ತಟ್ಟೆಯ ಊಟ, ಒಂದೇ ದರ್ಜೆಯ ಕೂಲಿ, ಒಂದೇ ಬಗೆಯ ಸಂಬೋಧನೆಯಿಂದ ಆರಂಭಿಸಿ. ನಾಲ್ಕನೆಯದು, ಯಾರಾದರೂ ತಪ್ಪು ತೋರಿಸಿದಾಗ ‘ನಾನು ಅಂಥವನಲ್ಲ, ನಾನು ಇಂಥ ಪಕ್ಷದವನು’ ಎನ್ನಬೇಡಿ. ಒಬ್ಬ ವಿಶ್ವಾಸಿ ಇನ್ನೊಬ್ಬ ವಿಶ್ವಾಸಿಗೆ ಕನ್ನಡಿ. ಕನ್ನಡಿಯ ಮೇಲೆ ಸಿಟ್ಟಾದರೆ ಮುಖದ ಕಲೆ ಹೋಗುವುದಿಲ್ಲ.

1964ರಲ್ಲಿ ಹಜ್ಜ್‌ಗೆ ಹೋದ ಮಾಲ್ಕಮ್ ಎಕ್ಸ್, ಬಿಳಿಯ ಮೈಬಣ್ಣದ ಮುಸ್ಲಿಮರು ತಮ್ಮೊಂದಿಗೆ ಒಂದೇ ತಟ್ಟೆಯಲ್ಲಿ ಉಂಡದ್ದನ್ನು ಕಂಡು, ಬಿಳಿಯರೆಲ್ಲರೂ ಕೆಟ್ಟವರೆಂಬ ತಮ್ಮ ಹಳೆಯ ನಂಬಿಕೆಯನ್ನೇ ಬದಲಿಸಿಕೊಂಡರು. ಒಂದು ಊಟ ಅಷ್ಟು ಕೆಲಸ ಮಾಡಿತು. ನಮ್ಮ ಊರಿನ ಸಿದ್ದಿ ಸಹೋದರ, ಪಕ್ಕದ ಕಾಲೇಜಿನ ಆಫ್ರಿಕದ ವಿದ್ಯಾರ್ಥಿ ನಮ್ಮನ್ನು ನೋಡಿ ಇಸ್ಲಾಮಿನ ಬಗ್ಗೆ ಏನನ್ನು ನಂಬುತ್ತಾರೆ ಎಂಬುದು ನಮ್ಮ ಊಟದ ಸುಫ್ರಾದಲ್ಲಿ ಅವರಿಗೆ ಜಾಗವಿದೆಯೇ ಎಂಬುದರ ಮೇಲಿದೆ.

ಅಲ್ಲಾಹನು ನಮ್ಮ ಎದೆಗಳಲ್ಲಿ ಉಳಿದಿರುವ ಜಾಹಿಲಿಯ್ಯತ್‌ನ ಅಂಶವನ್ನು ನಮಗೆ ತೋರಿಸಿಕೊಡಲಿ, ಅದನ್ನು ಕಿತ್ತೆಸೆಯುವ ಶಕ್ತಿ ಕೊಡಲಿ, ನಮ್ಮ ನಾಲಿಗೆಯನ್ನೂ ನಡತೆಯನ್ನೂ ಒಂದಾಗಿಸಲಿ. ಆಮೀನ್.