ಐದು ಸ್ಪೀಕರಿದ್ದೂ ಅಣ್ಣಾವ್ರು ಒಂದೇ ಮೂಲೇಲಿ ಹಾಡಿದ್ರು!

“ಭಾವಾ, ಹೊಳೇಲಿ ಹುಣಸೇಹಣ್ಣು ತೊಳೆದಂಗಾಯ್ತು. ಎಂಬತ್ತು ಸಾವಿರ ಹೋಯ್ತು!”

ರಾತ್ರಿ ಹತ್ತೂವರೆಗೆ ಬಂದ ಫೋನು. ಆ ಕಡೆಯಿಂದ ಗೋಳಾಡುತ್ತಿದ್ದವನು ಹೊಸದುರ್ಗ ತಾಲ್ಲೂಕು ಮಾಡದಕೆರೆಯ ನಮ್ಮ ಸೋದರಮಾವನ ಮಗ. ಅಪ್ಪನನ್ನು ಒಂದು ಮಾತೂ ಕೇಳದೆ, ಅಡಿಕೆ ಮಾರಿದ ದುಡ್ಡಿನಲ್ಲಿ ಬೆಂಗಳೂರಿನಿಂದ ಹೋಂ ಥಿಯೇಟರ್ ಹೊತ್ತು ತಂದಿದ್ದ ಭೂಪ. ಒಂದು ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್. ಮೊದಲ ರಾತ್ರಿ ಬೀದಿ ಹುಡುಗರೆಲ್ಲಾ ಜಮಾಯಿಸಿ ‘ಕೆಜಿಎಫ್’ ನೋಡಿದರಂತೆ. ಗುಂಡು ಹಾರಿದಾಗ ಅಡುಗೆಮನೆಯ ಸ್ಟೀಲ್ ತಟ್ಟೆಗಳು ತಾವೇ ತಾಳ ಹಾಕಿದವಂತೆ. ಆ ರಾತ್ರಿ ಹುಡುಗ ಹೀರೋ!

ಬೆಳಿಗ್ಗೆ ವಿಲನ್.

ಬೆಳಿಗ್ಗೆ ಮಾವ ಕಾಫಿ ಲೋಟ ಹಿಡಿದು, ಕುರ್ಚಿ ಎಳೆದುಕೊಂಡು, “ಅಣ್ಣಾವ್ರದ್ದೊಂದು ಹಾಕಪ್ಪ” ಅಂದಿದ್ದಾರೆ. ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡು. ನಿಮಗೆ ಗೊತ್ತಲ್ಲ, 1974ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. ಅದುವರೆಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್ ಕಂಠಕ್ಕೆ ತುಟಿ ಆಡಿಸುತ್ತಿದ್ದ ರಾಜ್, ಎಮ್ಮೆ ಮೇಲೆ ಕೂತು ತಾವೇ ಹಾಡಿ ನಾಡನ್ನೇ ಬೆರಗುಗೊಳಿಸಿದ ಹಾಡು! ಹಾಡು ಶುರುವಾಯಿತು... ಐದು ಸ್ಪೀಕರ್‌ಗಳಲ್ಲಿ ನಾಲ್ಕು ಮೂಕ! ಟೀವಿ ಕೆಳಗಿನ ಮೋಟು ಡಬ್ಬ ಒಂದರಲ್ಲಿ ಮಾತ್ರ ದನಿ. ಅದೂ ಕೊಳವೆಯೊಳಗಿಂದ ಬಂದಂತೆ. ಮಾವ ಪಲ್ಲವಿ ಮುಗಿಯುವ ತನಕವೂ ಕೂರಲಿಲ್ಲ. “ನನ್ನ ಹಳೇ ರೇಡಿಯೋನೇ ವಾಸಿ” ಅಂದು ಎದ್ದು ತೋಟಕ್ಕೆ ಹೋದರು. ಅವತ್ತಿನಿಂದ ಅಪ್ಪ-ಮಗನ ಮಾತು ಬಂದ್.

“ಹೊಳಲ್ಕೆರೆ ಕಡೆಯೋರು ಒಬ್ರು ನಲವತ್ತು ಸಾವಿರಕ್ಕೆ ಕೇಳ್ತಾವ್ರೆ. ಭಾನುವಾರ ಸಾಯಂಕಾಲ ಬಂದು ತಗೊಂಡೋಗ್ತಾರೆ.”

“ಕೊಡಬೇಡ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ” ಅಂದೆ.

ಪಿಯುಸಿಗೆ ಅರ್ಧಕ್ಕೇ ಕೈಮುಗಿದು ಬಂದವನಿಗೆ ಇದರ ಉಸಾಬರಿ ಯಾಕೆ ಅಂತೀರಾ? ನಿಜ, ಕಾಲೇಜಿನಲ್ಲಿ ಫಿಸಿಕ್ಸ್ ನನಗೆ ಕೈಕೊಟ್ಟಿತು. ಆದರೆ ಬೆಂಗಳೂರಿನ ಎಸ್.ಪಿ. ರೋಡು ಕೈಬಿಡಲಿಲ್ಲ. ಲೇಖನದ ಸಂಭಾವನೆ ಬಂದಾಗಲೆಲ್ಲಾ ಆ ಸಾದರ ಪತ್ರಪ್ಪ ರಸ್ತೆಯ ಗಲ್ಲಿಗಳಲ್ಲಿ ಅರ್ಧ ಕರಗಿಸಿ ಬರುವ ಚಟ ನನ್ನದು!

ಜಮಖಾನದ ಹಿಂದೆ ಮೂವರು

ಒಬ್ಬನೇ ಹೋಗಲಿಲ್ಲ. ನನ್ನ ಹಳೆಯ ಎರಡು ಚಾನೆಲ್ಲಿನ ಸ್ಟೀರಿಯೋ ಆಂಪ್ಲಿಫೈಯರನ್ನು ಚೀಲಕ್ಕೆ ಹಾಕಿಕೊಂಡೆ. ಹೊಸದುರ್ಗದಲ್ಲಿ ಇಳಿದು ಆಂಪ್ಲಿಫೈಯರ್ ಅಸೆಂಬಲ್ ಮಾಡುವ ಅಣ್ಣನೊಬ್ಬನನ್ನು, ಅವನು ಕೈಯಾರೆ ಕಟ್ಟಿದ ಪೆಟ್ಟಿಗೆ ಸಮೇತ, ಹೊರಡಿಸಿದೆ. ಹಬ್ಬ, ಮದುವೆ, ಜಾತ್ರೆಗೆಲ್ಲಾ ದನಿ ಕೊಟ್ಟ ಕೈ ಅದು. ಮೊದಮೊದಲು 4440 ಐಸಿ ಹಾಕಿ ಕಟ್ಟುತ್ತಿದ್ದನಂತೆ. ಸ್ಯಾನ್ಯೋ ಕಂಪನಿಯ ಈ ಪುಟಾಣಿ ಐಸಿ ಚಾನೆಲ್ಲಿಗೆ 6 ವ್ಯಾಟ್, ಎರಡನ್ನೂ ಸೇರಿಸಿ ಬ್ರಿಡ್ಜ್ ಮಾಡಿದರೆ 19 ವ್ಯಾಟ್ ಕೊಡುವಂಥದ್ದು. ನಮ್ಮ ಊರುಗಳ ಎಷ್ಟು ಟ್ರ್ಯಾಕ್ಟರ್, ಎಷ್ಟು ಟೀ ಅಂಗಡಿ ಇದರಿಂದ ಹಾಡಿವೆಯೋ ದೇವರೇ ಬಲ್ಲ! ಈಗ ಅವನು ಕಟ್ಟುವುದು 5200-1943 ಟ್ರಾನ್ಸಿಸ್ಟರ್ ಜೋಡಿಯ ಬೋರ್ಡು. “ಕಂಪನಿ ಮಾಲು ಅಂತ ಎಂಬತ್ತು ಸಾವಿರ ಸುರಿಯೋರಿಗೆ ನನ್ನ ಎಂಟು ಸಾವಿರದ್ದು ಕೇಳಿಸ್ಬೇಕು ಕಣಣ್ಣ” ಅಂತ ದಾರಿಯುದ್ದಕ್ಕೂ ಮೀಸೆ ತಿರುವಿದ.

ಮನೆಯಲ್ಲಿ ಸ್ಮಶಾನ ಮೌನ. ಅತ್ತೆ ಉಪ್ಪಿಟ್ಟು ಕೊಟ್ಟು, “ಏನಾದ್ರೂ ಮಾಡಪ್ಪ, ಇಬ್ರೂ ಉಣ್ಣಾಕೂ ಒಟ್ಟಿಗೆ ಕೂರ್ತಿಲ್ಲ” ಅಂದರು. ಮಾವ ಜಗಲಿ ಮೇಲೆ ಅಡಿಕೆ ಸುಲಿಯುವ ಕತ್ತಿ ಮಸೆಯುತ್ತಾ, ನೋಡಿಯೂ ನೋಡದವರಂತಿದ್ದರು.

ರಿಮೋಟ್ ಕೈಗೆ ತೆಗೆದುಕೊಂಡೆ. ಪರದೆಯ ಮೇಲೆ ಹೊಳೆಯುತ್ತಿತ್ತು ‘ಡಾಲ್ಬಿ ಸರೌಂಡ್’. ಕಳ್ಳ ಸಿಕ್ಕಿಬಿದ್ದ!

ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ ಮಿತ್ರರೇ. ಆ ಕಾಲದ ನಮ್ಮ ಸಿನಿಮಾಗಳ ದನಿ ಮಾನೋ. ಅಂದರೆ ಒಂದೇ ದಾರಿ, ಎಡ-ಬಲ ಅನ್ನುವುದೇ ಇಲ್ಲ. ಅದನ್ನು ಇವತ್ತು ಪೆನ್‌ಡ್ರೈವ್‌ಗೆ ಹಾಕಿದರೆ ಎಡಕ್ಕೂ ಬಲಕ್ಕೂ ಒಂದೇ ದನಿಯ ಎರಡು ಪ್ರತಿ ಹೋಗುತ್ತದೆ. ಸರೌಂಡ್ ಮೋಡಿನ ಬುದ್ಧಿ ಏನು ಗೊತ್ತಾ? ಎಡ-ಬಲ ಎರಡರಲ್ಲೂ ಸಮವಾಗಿ ಇರುವುದೆಲ್ಲಾ ನಟನ ಮಾತು, ಅದು ಪರದೆಯ ನಡುವಿನಿಂದಲೇ ಬರಬೇಕು ಅಂತ ಲೆಕ್ಕ ಹಾಕಿ ನಡುವಿನ ಸ್ಪೀಕರಿಗೆ ತಳ್ಳುವುದು. ಸಿನಿಮಾಕ್ಕೆ ಅದು ಸರಿಯಾದ ಲೆಕ್ಕವೇ. ಆದರೆ ಮಾನೋ ಹಾಡಿನಲ್ಲಿ ಎಲ್ಲವೂ ಸಮ! ರಾಜ್ ಕಂಠ, ತಬಲಾ, ಕೊಳಲು, ವಯೋಲಿನ್, ಎಲ್ಲಾ ಆ ಒಂದು ಡಬ್ಬದೊಳಗೆ ತುರುಕಿಕೊಂಡವು. ರಿಸೀವರ್ ಕೆಟ್ಟಿರಲಿಲ್ಲ. ಅದು ತನ್ನ ಕೆಲಸ ಮಾಡುತ್ತಿತ್ತು, ನಮಗೆ ಬೇಡದ ಕೆಲಸ.

ಗುಂಡಿ ಒತ್ತಿ ‘ಸ್ಟೀರಿಯೋ’ ಅಂತ ಬದಲಾಯಿಸಿದೆ. ನಡುವಿನ ಡಬ್ಬ ಸುಮ್ಮನಾಯಿತು. ಎಡ-ಬಲದ ದೊಡ್ಡ ಸ್ಪೀಕರ್ ಎರಡೂ ಎದ್ದವು. ಅಣ್ಣಾವ್ರು ಎರಡರ ನಡುವೆ, ಏನೂ ಇಲ್ಲದ ಗೋಡೆಯಿಂದ ಮೈತುಂಬಿಕೊಂಡು ಹಾಡಿದರು. ಹುಡುಗನ ಬಾಯಿ ತೆರೆದದ್ದು ತೆರೆದೇ ಇತ್ತು. ಜಗಲಿಯಲ್ಲಿ ಕತ್ತಿ ಮಸೆಯುವ ಸದ್ದು ನಿಂತಿತು.

ಆದರೆ ಅಸೆಂಬಲ್ ಅಣ್ಣ ಸುಮ್ಮನಿರಬೇಕಲ್ಲ! “ಅದೆಲ್ಲಾ ಆಯ್ತು, ಈಗ ನನ್ನದಕ್ಕೆ ವೈರ್ ಕೊಡು” ಅಂದ. ಪಂಥ ಶುರು.

ಮೇಜಿನ ಮುಂದೆ ಹಗ್ಗ ಕಟ್ಟಿ ಜಮಖಾನ ಇಳಿಬಿಟ್ಟೆವು. ಹಿಂದೆ ಮೂರು ಪೆಟ್ಟಿಗೆ: ಜಪಾನಿನ ಹೆಸರಾಂತ ಕಂಪನಿಯ ರಿಸೀವರು, ನನ್ನ ಹಳೇ ಸ್ಟೀರಿಯೋ, ಅಣ್ಣನ ಅಸೆಂಬಲ್. ಸ್ಪೀಕರ್ ಅದೇ ಎರಡು, ಹಾಡುಗಳೂ ಅವೇ: ಎಮ್ಮೆ ಹಾಡು, ‘ನಾಗರಹಾವು’ ಚಿತ್ರದ ಓಬವ್ವನ ಹಾಡು, ‘ಮುಂಗಾರು ಮಳೆ’ಯದೊಂದು. ಚಿತ್ರದುರ್ಗದ ಮಣ್ಣಿನಲ್ಲಿ ಕೂತು ಓಬವ್ವನನ್ನು ಬಿಟ್ಟರೆ ಆದೀತೇ? 1972ರಲ್ಲಿ ಪುಟ್ಟಣ್ಣ ಕಣಗಾಲ್ ಆ ಕೋಟೆಯಲ್ಲೇ ಚಿತ್ರಿಸಿದ್ದು, ವಿಜಯಭಾಸ್ಕರ್ ಸಂಗೀತ. 2018ರಲ್ಲಿ ಅದೇ ಚಿತ್ರಕ್ಕೆ ಸಿನಿಮಾಸ್ಕೋಪ್, 7.1 ದನಿ ತೊಡಿಸಿ ಮತ್ತೆ ಬಿಡುಗಡೆ ಮಾಡಿದ್ದೂ ನಿಮಗೆ ನೆನಪಿರಬಹುದು. ನಾವು ಹಾಕಿದ್ದು ಮಾತ್ರ ಹಳೆಯ ಮಾನೋನೇ.

ಮೊದಲ ಸುತ್ತಿನಲ್ಲಿ ಅಸೆಂಬಲ್‌ಗೇ ಜಯಭೇರಿ! ಹುಡುಗರೆಲ್ಲಾ “ಇದೇ ಬೊಂಬಾಟ್” ಅಂದರು. ಅಣ್ಣನ ಮುಖ ಊರಗಲ. ನನಗೆ ಅನುಮಾನ ಬಂತು. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ತೆರೆದು ಕುರ್ಚಿಯ ಮೇಲಿಟ್ಟೆ. ಅವನ ಪೆಟ್ಟಿಗೆ ಉಳಿದ ಎರಡಕ್ಕಿಂತ 3 ಡೆಸಿಬೆಲ್ ಜೋರಾಗಿತ್ತು! ಸದ್ದು ಚೂರು ಜಾಸ್ತಿ ಇದ್ದರೆ ಸಾಕು, ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಅಂಗಡಿಯವರಿಗೆ ಗೊತ್ತಿರುವ, ಗಿರಾಕಿಗೆ ಗೊತ್ತಿಲ್ಲದ ಗುಟ್ಟು ಇದು. ಮೂರನ್ನೂ ಒಂದೇ ಮಟ್ಟಕ್ಕೆ ತಂದು ಮತ್ತೆ ಶುರು ಮಾಡಿದೆವು.

ಈಗ ಆಟವೇ ಬೇರೆ. ಅಸೆಂಬಲ್ ಪೆಟ್ಟಿಗೆಯನ್ನು ಎಲ್ಲರೂ ಹಿಡಿದುಬಿಟ್ಟರು, ಯಾಕೆಂದರೆ ಹಾಡು ನಿಂತಾಗ ‘ಗುಂಯ್’ ಅನ್ನುವ ಹಮ್ಮಿಂಗ್. (ಅರ್ತ್ ವೈರ್‌ಗಳನ್ನೆಲ್ಲಾ ಒಂದೇ ಕಡೆ ಸೇರಿಸಿ ಬೆಸುಗೆ ಹಾಕಿ, ಟ್ರಾನ್ಸ್‌ಫಾರ್ಮರ್ ಸ್ವಲ್ಪ ತಿರುಗಿಸಿದ ಮೇಲೆ ಅಣ್ಣ ಅದನ್ನೂ ಮುಕ್ಕಾಲು ಪಾಲು ಕಳೆದ. ಕೈ ಅಂದರೆ ಕೈ!) ರಿಸೀವರಿಗೂ ನನ್ನ ಹಳೇ ಸ್ಟೀರಿಯೋಗೂ ವ್ಯತ್ಯಾಸ ಹೇಳಿ ಅಂದರೆ ತಲೆ ಕೆರೆದುಕೊಂಡರು. ನಮ್ಮ ಹುಡುಗ ಹತ್ತು ಸಲದಲ್ಲಿ ಐದು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ನಾನು? ಆರು. ಎಸ್.ಪಿ. ರೋಡಿನಲ್ಲಿ ಸವೆಸಿದ ಚಪ್ಪಲಿಗೆ ಒಂದು ಅಂಕ ಜಾಸ್ತಿ!

ವ್ಯಾಟ್ ಎಂಬ ಮಾಯಾಮೃಗ

“ಹಂಗಾದ್ರೆ ನೂರು ವ್ಯಾಟಿಂದು ಅಂತ ಹೆಚ್ಚು ಕೊಟ್ಟಿದ್ದು?” ಅಂತ ಹುಡುಗನ ಮುಖ ಮತ್ತೆ ಸಪ್ಪೆ.

ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಏರುತ್ತದೆ ಅಷ್ಟೆ. ಐವತ್ತಕ್ಕೂ ನೂರಕ್ಕೂ ಇರುವ ಅಂತರ ಅಷ್ಟು. ಮನೆಯಲ್ಲಿ ಕೂತು ಹಾಡು ಕೇಳುವಾಗ ಬಹಳ ಹೊತ್ತು ಖರ್ಚಾಗುವುದು ಒಂದೆರಡು ವ್ಯಾಟ್ ಮಾತ್ರ. ಇನ್ನು ಪೆಟ್ಟಿಗೆಯ ಮೇಲಿನ ಅಂಕಿ! ‘ಪಿಎಂಪಿಓ’ ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಓದದೆ ಪಕ್ಕಕ್ಕೆ ಹೋಗಿ. ನೋಡಬೇಕಾದ್ದು: ಎರಡು ಚಾನೆಲ್ ಒಟ್ಟಿಗೆ ಓಡುವಾಗ, 8 ಓಮ್ ಸ್ಪೀಕರಿಗೆ, 20ರಿಂದ 20,000 ಹರ್ಟ್ಸ್ ತನಕ ಎಷ್ಟು ವ್ಯಾಟ್ ಅಂತ. ಕೆಲವರು 6 ಓಮ್, ಒಂದೇ ಚಾನೆಲ್, 1,000 ಹರ್ಟ್ಸ್, 10 ಪರ್ಸೆಂಟ್ ಡಿಸ್ಟಾರ್ಷನ್ ಅಂತ ಸಣ್ಣಕ್ಷರದಲ್ಲಿ ಬರೆದು ಅಂಕಿ ಉಬ್ಬಿಸುತ್ತಾರೆ. ಹತ್ತು ಪರ್ಸೆಂಟ್ ಅಂದರೆ ಕಿವಿಗೆ ಕರಕರ ಅನ್ನುವ ಮಟ್ಟ, ಸ್ವಾಮೀ!

ಅಷ್ಟರಲ್ಲಿ ಬಾಗಿಲಲ್ಲಿ ಮಾವ ನಿಂತಿದ್ದರು. ಯಾವಾಗ ಬಂದರೋ.

“ಅಳಿಯಾ, ಒಂದು ಮಾತು. ವಯಸ್ಸಲ್ಲಿ ನಾನು ಟೂರಿಂಗ್ ಟಾಕೀಸಲ್ಲಿ ಎರಡು ವರ್ಷ ಕೆಲಸ ಮಾಡ್ದೋನು. ಅಲ್ಲಿ ಇದ್ದಿದ್ದು ಪರದೆ ಹಿಂದೆ ಒಂದೇ ಸ್ಪೀಕರ್. ಒಂದ್ರಲ್ಲೇ ಊರೆಲ್ಲಾ ಕೇಳ್ತಿತ್ತು. ಇಲ್ಲೂ ಒಂದ್ರಲ್ಲೇ ತಾನೆ ಬಂದಿದ್ದು? ಅದ್ಯಾಕೆ ಹಂಗೆ ಗೊಣಗ್ತು?”

ನಾನು ತಬ್ಬಿಬ್ಬು. ಪಾಯಿಂಟು! ನನ್ನ ಭಾಷಣದಲ್ಲಿ ಈ ತೂತು ನನಗೇ ಕಂಡಿರಲಿಲ್ಲ. ಎದ್ದು ನಡುವಿನ ಸ್ಪೀಕರನ್ನು ನೋಡಿದೆ. ಟೆಂಟಿನ ಸ್ಪೀಕರ್ ಆಳೆತ್ತರದ ಪೆಟ್ಟಿಗೆ, ಮೇಲೆ ಹಾರ್ನು, ಎದುರಿಗೆ ಬಟ್ಟೆ ಪರದೆ ಬಿಟ್ಟರೆ ಬಯಲು. ಇಲ್ಲಿಯದು ಮೊಳದುದ್ದದ ಡಬ್ಬ, ಟೀವಿ ಸ್ಟ್ಯಾಂಡಿನ ಗೂಡಿನ ಒಳಗೆ ತಳ್ಳಿಟ್ಟಿದ್ದಾನೆ ಪುಣ್ಯಾತ್ಮ! ದನಿ ಗೂಡಿನ ಮೂರು ಹಲಗೆಗೂ ಬಡಿದು ಆಚೆ ಬರಬೇಕು. ಸಾಲದ್ದಕ್ಕೆ, ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ರಿಸೀವರು ಸಬ್‌ವೂಫರಿಗೆ ಕಳಿಸುತ್ತದೆ. ಸಬ್‌ವೂಫರ್ ಮೂಲೆಯಲ್ಲಿತ್ತು, ಅದರ ಸ್ವಿಚ್ಚೇ ಹಾಕಿರಲಿಲ್ಲ. ಮೊದಲ ರಾತ್ರಿ ತಟ್ಟೆ ಕುಣಿದ ಮೇಲೆ ಅತ್ತೆಯೇ ಆರಿಸಿದ್ದರಂತೆ!

ಮಾವನ ಪ್ರಶ್ನೆಯಿಂದಲೇ ದಿನದ ನಿಜವಾದ ಕೆಲಸ ಶುರುವಾಯಿತು. ಡಬ್ಬವನ್ನು ಗೂಡಿನಿಂದ ಅಂಚಿಗೆ ಎಳೆದೆವು. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿದ್ದ ಪುಟ್ಟ ಮೈಕನ್ನು ತೆಗೆದು ಮಾವನ ಕುರ್ಚಿಯಲ್ಲಿ, ಅವರ ಕಿವಿಯ ಎತ್ತರಕ್ಕೆ ನಿಲ್ಲಿಸಿದೆವು. ಯಮಾಹಾದಲ್ಲಿ ಇದಕ್ಕೆ ವೈಪಿಎಓ ಅಂತಾರೆ, ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ. ಹೆಸರು ಬೇರೆ, ಕೆಲಸ ಒಂದೇ ಜಾತಿಯದು: ಪ್ರತಿ ಸ್ಪೀಕರಿನಿಂದ ಪೀಂಯ್ ಎನಿಸಿ ದೂರ, ಮಟ್ಟ ಅಳೆದು ಸರಿಮಾಡುವುದು. ಆಗ ಮನೆಯಲ್ಲಿ ಯಾರೂ ಉಸಿರೆತ್ತಬಾರದು. ಎರಡು ಸಲ ಕೋಳಿ ಕೂಗಿ ಕೆಡಿಸಿತು.

‘ಡೈರೆಕ್ಟ್’ ಅನ್ನುವ ಮೋಡನ್ನೂ ಹಾಕಿ ನೋಡಿದೆವು. ಸಂಗೀತಪ್ರಿಯರು ಅದನ್ನೇ ಹೊಗಳುತ್ತಾರೆ, ಏನೂ ಬೆರೆಸದ ಶುದ್ಧ ದನಿ ಅಂತ. ಆದರೆ ಹಲವು ರಿಸೀವರ್‌ಗಳಲ್ಲಿ ಡೈರೆಕ್ಟ್ ಹಾಕಿದರೆ ಮೈಕು ಮಾಡಿದ ತಿದ್ದುಪಡಿಯೂ ಹೋಗುತ್ತದೆ, ಸಬ್‌ವೂಫರೂ ಮಲಗುತ್ತದೆ. ಒಳ್ಳೆಯ ಕೋಣೆಯಲ್ಲಿ ಡೈರೆಕ್ಟ್ ಗೆಲ್ಲಬಹುದು. ಮಾಡದಕೆರೆಯ ಆರ್‌ಸಿಸಿ ಮನೆಯಲ್ಲಿ ನನ್ನ ಓಟು ‘ಸ್ಟೀರಿಯೋ’ಗೇ.

ಯಾಕೆಂದರೆ ಕೋಣೆ! ನೆಲಕ್ಕೆ ಟೈಲ್ಸು, ನಾಲ್ಕು ಕಡೆ ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ‘ಟಣ್’ ಅಂತ ಮರುದನಿ. ಇಂಥ ಕಡೆ ಲಕ್ಷದ ರಿಸೀವರೂ ಬಾವಿಯಲ್ಲಿ ಕೂತು ಹಾಡಿದಂತೆಯೇ. “ಹಳೇ ಮನೇಲಿ ಹಿಂಗಿರ್ಲಿಲ್ಲ” ಅಂದರು ಮಾವ. ಇರಲು ಸಾಧ್ಯವೇ ಇಲ್ಲ! ಅಲ್ಲಿ ಅಟ್ಟದ ತುಂಬ ಕೊಬ್ಬರಿ ಕಾಯಿ, ಗೋಡೆಗೆ ಒರಗಿಸಿದ ಅಡಿಕೆ ಚೀಲ. ಉಬ್ಬುತಗ್ಗಿಗೆ ತಾಗಿ ದನಿ ಚೆದುರುತ್ತಿತ್ತು, ಗೋಣಿಯಲ್ಲಿ ಇಂಗುತ್ತಿತ್ತು. ಅತ್ತೆ ಪೆಟ್ಟಿಗೆಯಿಂದ ಎರಡು ಚಳ್ಳಕೆರೆ ಕಂಬಳಿ ತಂದುಕೊಟ್ಟರು. ಒಂದನ್ನು ಕುರ್ಚಿಯ ಹಿಂದಿನ ಗೋಡೆಗೆ, ಇನ್ನೊಂದನ್ನು ಪಕ್ಕಕ್ಕೆ ತೂಗುಹಾಕಿದೆವು. ಮತ್ತೆ ಚಪ್ಪಾಳೆ. ಟಣ್ ಮಾಯ!

ಮೂರು ಆಂಪ್ಲಿಫೈಯರ್ ಬದಲಾಯಿಸಿ ಕಾಣದ ವ್ಯತ್ಯಾಸ ಎರಡು ಕಂಬಳಿಯಿಂದ ಕೇಳಿಸಿತು. ಇದನ್ನು ನಾನು ಬಾಜಿ ಕಟ್ಟಿ ಹೇಳುತ್ತೇನೆ.

ಇನ್ನೊಂದು ಉಪದ್ರವ ಹೇಳಿ ಮುಗಿಸುತ್ತೇನೆ. ಹುಡುಗನ ಪೆನ್‌ಡ್ರೈವ್‌ನಲ್ಲಿ ಎರಡು ಸಾವಿರ ಹಾಡು! ಅದಕ್ಕಾಗಿ ಒಂದೊಂದನ್ನೂ ಹಿಂಡಿ ಹಿಪ್ಪೆ ಮಾಡಿ ತುಂಬಿದ್ದಾರೆ. ಅದೇ ಓಬವ್ವನ ಹಾಡನ್ನು ನನ್ನ ಬಳಿಯಿದ್ದ ಸೀಡಿಯಿಂದ ಹಾಕಿದಾಗ ಕಹಳೆಯ ಅಂಚು, ನಗಾರಿಯ ಚರ್ಮ ಬೇರೆಯಾಗಿಯೇ ಕೇಳಿಸಿತು. ಈ ವ್ಯತ್ಯಾಸವನ್ನು ಜಮಖಾನ ಕಟ್ಟಿದರೂ ಎಲ್ಲರೂ ಹಿಡಿದರು.

ಸಾಯಂಕಾಲ ನಾಲ್ಕಕ್ಕೆ ಹೊಳಲ್ಕೆರೆಯ ಗಿರಾಕಿ ಗೂಡ್ಸ್ ಆಟೋ ಸಮೇತ ಹಾಜರ್. ಹುಡುಗ ಅಪ್ಪನ ಮುಖ ನೋಡಿದ. ಮಾವ ಕುರ್ಚಿಯಿಂದ ಏಳಲಿಲ್ಲ. ಎಮ್ಮೆ ಹಾಡು ಮೂರನೇ ಸಲ ಓಡುತ್ತಿತ್ತು.

“ಆಟೋ ಬಾಡಿಗೆ ಎಷ್ಟಾಯ್ತಪ್ಪ?” ಅಂತ ಮಾವ ಅವನನ್ನೇ ಕೇಳಿದರು. ಜೇಬಿನಿಂದ ತೆಗೆದು ಕೊಟ್ಟು, ಟೀ ಕುಡಿಸಿ ಕಳಿಸಿದರು. ಆಮೇಲೆ ಮಗನ ಕಡೆ ತಿರುಗಿ ಮೂರು ದಿನದ ಮೇಲೆ ಮೊದಲ ಮಾತು:

“ಮುಂದಿನ್ ಸಲ ಅಡಿಕೆ ದುಡ್ಡು ಮುಟ್ಟೋ ಮುಂಚೆ ನನ್ನ ಕೇಳು. ಈಗ ಆ ಓಬವ್ವಂದು ಹಾಕು.”

ಅಸೆಂಬಲ್ ಅಣ್ಣ ಬರುವಾಗ ತಂದ ಪೆಟ್ಟಿಗೆಯನ್ನು ವಾಪಸ್ ಒಯ್ಯಲಿಲ್ಲ. ಅದು ಈಗ ಮಾಡದಕೆರೆಯ ಆ ಮನೆಯ ಕೊಟ್ಟಿಗೆಯಲ್ಲಿದೆ. ಹಾಲು ಕರೆಯುವಾಗ ಅತ್ತೆಗೆ ಹಾಡು ಬೇಕಂತೆ.